ಸಿಂಹದ ಬೆನ್ನಿಗಿದ್ದ ಮೊಲ

ಕಾಲುವೆ ನೀರಿನ ಬೆಳಕು ಮಹಡಿ ಕೋಣೆಯ ತೊಲೆಗಳ ಮೇಲೆ ಮೀನಿನಂತೆ ಓಡಾಡುತ್ತಿತ್ತು. ತುಂಬಿದ ಬಸುರಿ ಪೆರೀನಾ ಅದನ್ನೇ ನೋಡುತ್ತ ನಿಂತಿದ್ದಳು. ಬಾಣಂತಿ ಹಾಸಿಗೆ ಹಾಸಿಯಾಗಿತ್ತು. ಇವಳೋ ಅದರ ಅಂಚಿಗೂ ಕೂರಲೊಲ್ಲಳು.

"ಕಾಲು ನೋಡ್ಕೊಂಡಿದೀಯಾ? ಬ್ರೆಡ್ಡಿನ ಹಿಟ್ಟಿನ ಹಾಗೆ ಉಬ್ಬಿದಾವೆ. ಮಲಗೇ," ಎಂದಳು ಅಕ್ಕ ಒರ್ಸೆತಾ. ವೆನಿಸ್ಸಿನ ಮನೆಮನೆಗೆ ಹೋಗಿ ಕಸೂತಿ ಹಾಕುವವಳು.

"ಹಿಂದಿನ ಎರಡು ಸಲವೂ ಗಂಡು ಹುಟ್ಟಲಿ ಅಂತ ಅತ್ತೆ ದಿಂಬಿಗೆ ಸಿಂಹ ಹಾಕಿಸಿದ್ರು. ಎರಡು ಸಲವೂ ತೊಟ್ಟಿಲು ಖಾಲಿ. ಈ ಸಲ ಮೊಲ ಹಾಕ್ಕೊಡಕ್ಕ. ಆಮೇಲೆ ಮಲಗ್ತೀನಿ."

ಅಚ್ಚಾದ ಕಸೂತಿ ನಮೂನೆಗಳ ಪುಸ್ತಕಗಳು ಅಂಗಡಿಗೆ ಬರತೊಡಗಿದ ಹೊಸತು. ಒರ್ಸೆತಾಳ ಹತ್ತಿರ ಇದ್ದದ್ದು ಒಂದೇ. ಅದರಲ್ಲಿ ಮೊಲವೇನೋ ಇತ್ತು, ಆದರೆ ಸಿಂಹದ ಹಾಳೆಯ ಬೆನ್ನಿಗೇ ಇತ್ತು. ಸಿಂಹದ ಗೆರೆಯುದ್ದಕ್ಕೂ ಹಿಂದಿನ ಸಲ ಅವಳೇ ಸೂಜಿಯಿಂದ ಚುಚ್ಚಿದ ತೂತುಗಳು ಮೊಲದ ಮೈತುಂಬ ಬಿದ್ದಿದ್ದವು.

ಅವಳು ಮೊಲದ ಗೆರೆಯನ್ನೂ ಚುಚ್ಚಿದಳು. ಹಾಳೆಯನ್ನು ಬಿಳಿ ದಿಂಬಿನ ಬಟ್ಟೆಯ ಮೇಲಿಟ್ಟು ಇದ್ದಲ ಪುಡಿಯ ಗಂಟಿನಿಂದ ಮೆಲ್ಲಗೆ ತಟ್ಟಿ ಎತ್ತಿದಳು. ತೂತುಗಳಿಂದ ಪುಡಿ ಇಳಿದು ಬಟ್ಟೆ ತುಂಬ ಕರಿ ಚುಕ್ಕಿ. ನೋಡನೋಡುತ್ತ ಚುಕ್ಕಿಗಳೊಳಗಿನಿಂದ ಸಿಂಹದ ಕೇಸರ ಎದ್ದಿತು, ಪಂಜ ಎದ್ದಿತು.

"ಅಯ್ಯೋ, ಮತ್ತೆ ಬಂತು!" ಪೆರೀನಾ ಹೊಟ್ಟೆ ಹಿಡಿದು ಹಿಂದೆ ಸರಿದಳು.

"ಬರಲಿ ಬಿಡೇ. ಬರೀ ಪುಡಿ ಅದು, ಮೈಯಿಲ್ಲ. ಬಾ, ಮೊಲ ಎಲ್ಲಿದೆ ನೀನೇ ಹುಡುಕು," ಎಂದು ಒರ್ಸೆತಾ ಅವಳ ಕೈಗೆ ಗರಿ ಲೇಖನಿ ಕೊಟ್ಟಳು.

ಮೊದಲು ಒಂದು ಕಿವಿ ಸಿಕ್ಕಿತು. ಸಿಂಹದ ಗದ್ದದ ಕೆಳಗೆ ನಿದ್ದೆ ಹೋದಂತೆ ಬೆನ್ನು ಸಿಕ್ಕಿತು. ಚುಕ್ಕಿಯಿಂದ ಚುಕ್ಕಿಗೆ ಮಸಿ ಎಳೆಯುತ್ತ ಪೆರೀನಾ ಉಸಿರಾಡುವುದನ್ನೂ ಮರೆತಳು. ಸಿಂಹ ಸುಮ್ಮನೆ ಕೂತು ನೋಡುತ್ತಿತ್ತು. ಮರಿಯನ್ನು ಕಾಯುವಂತೆಯೂ ಇತ್ತು, ಹೊರಡಲು ಅಪ್ಪಣೆ ಕೇಳುವಂತೆಯೂ ಇತ್ತು.

ಮಸಿ ಆರಿತು. "ಈಗ ಕೊಡವು," ಎಂದಳು ಅಕ್ಕ.

ಇಬ್ಬರೂ ತುದಿ ಹಿಡಿದು ಬಟ್ಟೆಯನ್ನು ಕಿಟಕಿಯಾಚೆ ಪಟಪಟ ಒದರಿದರು. ಕೇಸರ ಬಿಚ್ಚಿಕೊಂಡು ಹೊಗೆಯಾಗಿ ತೇಲಿತು. ಪಂಜಗಳು ಗಾಳಿಯಲ್ಲಿ ಒಂದೆರಡು ಹೆಜ್ಜೆ ನಡೆದು ಕಾಲುವೆಯ ಮೇಲೆ ಕರಗಿದವು. ಬಟ್ಟೆಯಲ್ಲಿ ಉಳಿದದ್ದು ಮೊಲವೊಂದೇ.

"ಯಾವಳೇ ಅವಳು, ಒಗೆದ ಬಟ್ಟೆ ಮೇಲೆ ಕರಿ ಪುಡಿ ಸುರಿದೋಳು?" ಕೆಳಗಿನಿಂದ ಅತ್ತೆಯ ದನಿ.

"ನಿಮ್ಮ ಸಿಂಹ ಅತ್ತೇ! ಮನೆ ಬಿಟ್ಟು ಹೋಗ್ತಾ ಇದೆ, ದಾರಿ ಬಿಡಿ!" ಪೆರೀನಾ ಕೂಗಿದಳು.

ಕೂಗಿದ್ದಕ್ಕೆ ತಾನೇ ಬೆರಗಾದಳು, ನಗು ಒತ್ತರಿಸಿ ಬಂತು. ನಗುನಗುತ್ತ, ಎಲ್ಲಿ ಎಂದು ನೋಡದೆ ಹಾಸಿಗೆಯ ಮೇಲೆ ಕೂತುಬಿಟ್ಟಳು.

ಒರ್ಸೆತಾ ಮೊಲದ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. ಸೂಜಿಗೆ ದಾರ ಪೋಣಿಸಿಕೊಂಡಳು.