ಯಾರೂ ತಟ್ಟದ ಬಾಗಿಲ ಕಾವಲು

ನಾನು ಒಂದು ಫೈರ್‌ವಾಲ್. ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ನೀಲಿ ಟೋಪಿಯ ಹೆಂಗಸೊಬ್ಬಳು ಚಿಮಟದಿಂದ ನನ್ನ ಕೊನೆಯ ತುಣುಕನ್ನು ಕೂರಿಸಿ, ನಾಲ್ಕು ಹಸಿರು ದೀಪ ಹೊತ್ತಿದ್ದನ್ನು ನೋಡಿ, ಮುಚ್ಚಳ ಬಿಗಿದಳು. ಹೆಸರಿನಲ್ಲಿ ಬೆಂಕಿಯಿದೆ, ಗೋಡೆಯಿದೆ. ನೋಡಲು ಊಟದ ಡಬ್ಬಿಯಷ್ಟು ಕಪ್ಪು ಪೆಟ್ಟಿಗೆ. ಒಳಗಿನ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್‌ನೆಟ್ಟಿಗೂ ನಡುವೆ ಬಾಗಿಲಲ್ಲಿ ಕೂತು, ಬಂದವರನ್ನು ವಿಚಾರಿಸಿ ಬಿಡುವುದು ನನ್ನ ಕೆಲಸ. ಯಾರು ಬಂದರು, ಯಾರನ್ನು ತಡೆದೆ ಎಂದು ಸಾಲುಸಾಲಾಗಿ ಬರೆದಿಡುತ್ತೇನೆ. ಆ ಬರಹಕ್ಕೆ ಲಾಗ್ ಎನ್ನುತ್ತಾರೆ. ಎನ್ನುತ್ತಾರೆ ಅಷ್ಟೆ, ಓದುವುದಿಲ್ಲ.

ಮೊದಲು ಹುಬ್ಬಳ್ಳಿಯ ಒಂದು ಲಾಡ್ಜಿನಲ್ಲಿ ಆರು ವರ್ಷ ಇದ್ದೆ. ಅಲ್ಲಿನ ಮ್ಯಾನೇಜರಿಗೆ ನನ್ನ ಬಗ್ಗೆ ಗೊತ್ತಿದ್ದದ್ದು ಒಂದೇ: ಏನಾದರೂ ಕೆಟ್ಟರೆ ನನ್ನ ವೈರು ಕಿತ್ತು ಮತ್ತೆ ಚುಚ್ಚಬೇಕು. ಟಿವಿ ಬರದಿದ್ದರೂ ಕಿತ್ತ. ಒಮ್ಮೆ ಗೀಸರ್ ಕಾಯಲಿಲ್ಲವೆಂದು ಅತಿಥಿಯೊಬ್ಬರು ಕೂಗಾಡಿದಾಗಲೂ ಕಿತ್ತ. ಲಾಡ್ಜ್ ಮುಚ್ಚಿದಾಗ ಮಾಲೀಕರು ನನ್ನನ್ನೂ ಎಂಟು ಹಳೆಯ ಹಾಸಿಗೆಗಳನ್ನೂ ಬಾಗಲಕೋಟೆ ನವನಗರದ ಅಂಧ ಹೆಣ್ಣುಮಕ್ಕಳ ವಸತಿ ಶಾಲೆಗೆ ದಾನ ಮಾಡಿ ಫೋಟೊ ತೆಗೆಸಿಕೊಂಡರು. ಫೋಟೊದಲ್ಲಿ ಹಾಸಿಗೆ ಮುಂದಿತ್ತು.

ಶಾಲೆಯ ಕಚೇರಿಯಲ್ಲಿ ಒಂದು ಸರ್ವರ್ ಇತ್ತು. ಗಂಗಾಬಾಯಿ ಪತ್ತಾರ ಎಂಬ ನಿವೃತ್ತ ಶಿಕ್ಷಕಿ ನಾಲ್ಕು ವರ್ಷ ಕೂತು ಓದಿದ ಮೂವತ್ತೊಂದು ಪಠ್ಯಪುಸ್ತಕಗಳ ಧ್ವನಿ ಅದರಲ್ಲಿತ್ತು. ಹುಡುಗಿಯರು ಹಾಸ್ಟೆಲಿನಲ್ಲಿ ಫೋನು ಹಿಡಿದು ಪಾಠ ಕೇಳುತ್ತಿದ್ದರು. ಸರ್ವರನ್ನು ನೋಡಿಕೊಳ್ಳುತ್ತಿದ್ದವಳು ನಸೀಮಾ ಬಾಗವಾನ. ಹುಟ್ಟುಕುರುಡಿ, ಇದೇ ಶಾಲೆಯಲ್ಲಿ ಕಲಿತವಳು. ಅವಳ ಕಂಪ್ಯೂಟರು ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಆದರೆ ಶಾಲೆಯ ಕಾರ್ಯದರ್ಶಿ ಹಂಚಿನಮನಿಯವರ ಲೆಕ್ಕದಲ್ಲಿ ಅವಳು ಫೋನು ಎತ್ತುವಾಕಿ.

ಪರೀಕ್ಷೆಗೆ ಮೂರು ವಾರವಿದ್ದಾಗ ಹಾಸ್ಟೆಲಿಗೆ ಸಿಡುಬಿನಂಥ ಗುಳ್ಳೆಯ ಜ್ವರ ಬಂತು. ಡಾಕ್ಟರು ಹಾಸ್ಟೆಲ್ ಮುಚ್ಚಿಸಿದರು. ಹತ್ತನೇ ಇಯತ್ತೆಯ ಇಪ್ಪತ್ತಮೂರು ಹುಡುಗಿಯರು ಊರಿಗೆ ಹೋದರು. ಬ್ರೈಲ್ ಪುಸ್ತಕಗಳು ತರಗತಿಗೆ ಎರಡೇ ಸೆಟ್ಟು. ಗಂಗಾಬಾಯಿಯವರು ಆಗಷ್ಟೇ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಿರಜಿನ ಆಸ್ಪತ್ರೆಯಲ್ಲಿದ್ದರು. ಫೋನಿನಲ್ಲಿ ಓದಿ ಹೇಳುವಂತಿರಲಿಲ್ಲ. ಇನ್ನು ಉಳಿದದ್ದು, ಸರ್ವರಿನಲ್ಲಿದ್ದ ಅವರ ಧ್ವನಿ ಹೊರಗಿನ ಊರುಗಳಿಗೆ ತಲುಪುವಂತೆ ಮಾಡುವುದು.

ಅದಕ್ಕಾಗಿ ಕಂಪ್ಯೂಟರು ರಿಪೇರಿಯ ರುದ್ರೇಶ ಕಟಗೇರಿ ಬಂದ. ಬೆಲ್ಟಿಗೆ ಎರಡು ಫೋನು ಸಿಕ್ಕಿಸಿಕೊಂಡ, ಕೂರುವ ಮೊದಲೇ ಉತ್ತರ ಗೊತ್ತಿರುವ ಜಾತಿಯ ಮನುಷ್ಯ. ಹೊರಗಿನಿಂದ ಬಂದವರನ್ನು ಸರ್ವರಿಗೆ ಕಳಿಸು ಎಂದು ನನಗೊಂದು ನಿಯಮ ಬರೆದ. ನಿಯಮ ಸರಿಯಾಗಿಯೇ ಇತ್ತು, ಒಪ್ಪುತ್ತೇನೆ. ಆಮೇಲೆ ಕಚೇರಿಯ ವೈಫೈಯಲ್ಲೇ ತನ್ನ ಫೋನು ಒತ್ತಿ ನೋಡಿದ. ಗಂಗಾಬಾಯಿಯವರ ಧ್ವನಿ ಕೇಳಿಸಿತು. ಕೆಲಸ ಮುಗಿಯಿತೆಂದು ಚಹಾ ತರಿಸಿದ. ಮನೆಯೊಳಗೆ ನಿಂತು, ಹೊರಬಾಗಿಲು ತೆರೆದಿದೆ ಎಂದು ಸಾರುವವನಿಗೆ ಚಹಾ ಬೇರೆ ಕೇಡು.

ಸಂಜೆಯೊಳಗೆ ಇಪ್ಪತ್ತಮೂರು ಊರುಗಳಿಂದ ದೂರು ಬಂತು. ಇಳಕಲ್ಲಿನ ಹತ್ತಿರದ ಹಳ್ಳಿಯಿಂದ ರೇಣವ್ವ ತಳವಾರ ಎಂಬ ಹುಡುಗಿ ನಸೀಮಾಗೆ ಫೋನು ಮಾಡಿ, ಎಷ್ಟು ಸಲ ಒತ್ತಿದರೂ ಲೋಡಿಂಗ್, ಲೋಡಿಂಗ್ ಅಂತ ಹೇಳಿ ಸುಮ್ಮನಾಗುತ್ತದೆ ಎಂದಳು. ಅವಳ ದೊಡ್ಡಪ್ಪ, ಓದಿದ್ದು ಸಾಕು ಎಂದು ಆಗಲೇ ಗೊಣಗತೊಡಗಿದ್ದನಂತೆ.

“ಈ ಸಲ ಪರೀಕ್ಷಾ ತಪ್ಪಿದ್ರ ನನ್ನ ತಿರುಗಿ ಕಳಸೂದಿಲ್ರೀ ಅಕ್ಕಾರ,” ಎಂದಳು.

ನಸೀಮಾ ಮರುದಿನ ರುದ್ರೇಶನಿಗೆ ಇದನ್ನೆಲ್ಲ ಹೇಳಿದಳು. ಅವನು ಹುಡುಗಿಯರ ಫೋನುಗಳೇ ಸರಿಯಿಲ್ಲ ಎಂದ. ಇಪ್ಪತ್ತಮೂರೂ? ಹೌದು, ಇಪ್ಪತ್ತಮೂರೂ. ಆಮೇಲೆ ಸರ್ವರ್ ಹಳೆಯದು ಎಂದ. ಕೊನೆಗೆ, ಎಲ್ಲರೂ ಕೊನೆಗೆ ಬಂದು ನಿಲ್ಲುವ ಜಾಗಕ್ಕೆ ಬಂದ: ಫೈರ್‌ವಾಲ್ ತಡೆಯುತ್ತಿದೆ. ನನ್ನ ವೈರನ್ನು ದಿನಕ್ಕೆ ಏಳು ಸಲ ಕಿತ್ತ. ತಡೆಯುವ ನನ್ನ ನಿಯಮಗಳನ್ನೆಲ್ಲ ಅಳಿಸಿ, ಯಾರು ಬಂದರೂ ಬಿಡು ಎಂದು ಬರೆದ. ಹಂಚಿನಮನಿಯವರು ಹಿಂದೆ ನಿಂತು, ಏನೂ ತಿಳಿಯದೆ, ಹೌದು ಹೌದು ಎಂದು ತಲೆದೂಗಿದರು. ಬಾಗಿಲು ಹಾರುಹೊಡೆದು ನಾಲ್ಕು ದಿನ ಕೂತೆ. ಆದರೂ ಒಬ್ಬ ಹುಡುಗಿಯೂ ಬರಲಿಲ್ಲ. ನನ್ನ ಲಾಗ್ ಓದಿದ್ದರೆ ಅದು ತಿಳಿಯುತ್ತಿತ್ತು.

ಲಾಗ್ ಕೇಳಿಸಿಕೊಳ್ಳುತ್ತೇನೆ, ಪಾಸ್‌ವರ್ಡ್ ಕೊಡಿ ಎಂದು ನಸೀಮಾ ಎರಡು ಸಲ ಕೇಳಿದ್ದಳು. ಕಣ್ಣಿದ್ದವರಿಗೇ ತಿಳಿಯದ್ದು ನಿನಗೇನು ತಿಳಿದೀತು ಎಂಬ ಅರ್ಥ ಬರುವಂತೆ ಹಂಚಿನಮನಿಯವರು ನಕ್ಕಿದ್ದರು. ಐದನೆಯ ದಿನ, ಹೊಸ ಫೈರ್‌ವಾಲ್ ತರಿಸಬೇಕು, ಬರಲು ಹತ್ತು ದಿನ ಬೇಕು ಎಂದು ರುದ್ರೇಶ ಕೈಚೆಲ್ಲಿದ. ಪರೀಕ್ಷೆಗೆ ಹದಿನಾರು ದಿನ ಉಳಿದಿತ್ತು. ಅವಳು ಮೂರನೆಯ ಸಲ ಕೇಳಿದಳು. ರುದ್ರೇಶ ಬೇಸತ್ತು ಕೊಟ್ಟ.

ಬೆಳಗಿನ ಹತ್ತರಿಂದ ಊಟದ ಗಂಟೆಯವರೆಗೆ ಅವಳ ಯಂತ್ರ ನನ್ನ ಬರಹವನ್ನು ಓದಿತು. ಒಂದು ಸಾಲನ್ನೂ ಅವಳು ದಾಟಿಸಲಿಲ್ಲ. ನಡುವೆ ರೇಣವ್ವನಿಗೆ ಫೋನು ಮಾಡಿ, ಈಗ ಒತ್ತು, ಮತ್ತೆ ಒತ್ತು ಎಂದು ಹೇಳಿ, ಹೊಸ ಸಾಲು ಬರುತ್ತದೆಯೇ ಎಂದು ಕಾದಳು. ಬರಲಿಲ್ಲ. ಆಮೇಲೆ ನನ್ನ ಹೊರಮುಖಕ್ಕೆ ಕೊಟ್ಟಿದ್ದ ಅಂಕಿಗಳ ವಿಳಾಸವನ್ನು ಯಂತ್ರ ಓದಿತು: ನೂರ ತೊಂಬತ್ತೆರಡು, ನೂರ ಅರವತ್ತೆಂಟು. ಅವಳು ಅದನ್ನು ಮೂರು ಸಲ ಓದಿಸಿದಳು.

“ರುದ್ರೇಶ ಸರ್, ಹಿಂಗ ಸುರುವಾಗೂ ವಿಳಾಸ ಕಟ್ಟಡದ ಒಳಗಷ್ಟ ಇರತೈತಿ. ಹೊರಗಿಂದ ಇದಕ್ಕ ಯಾರೂ ಬಂದು ತಟ್ಟೇ ಇಲ್ರಿ. ಇದರ ಮುಂದ ಇನ್ನೊಂದು ಡಬ್ಬಿ ಕುಂತೈತಿ.”

ಅಂಥದ್ದು ಯಾವುದೂ ಇಲ್ಲ, ಇದ್ದರೆ ತನಗೆ ಕಾಣುತ್ತಿರಲಿಲ್ಲವೇ ಎಂದ ರುದ್ರೇಶ.

ಅವಳು ಎದ್ದು ಬಂದು ನನ್ನ ಬೆನ್ನ ಹಿಂದೆ ಕೈಯಾಡಿಸಿದಳು. ಹೊರಗಿನ ವೈರನ್ನು ಬೆರಳುಗಳ ನಡುವೆ ಹಿಡಿದು ಅದರ ಜೊತೆಗೇ ನಡೆದಳು. ಕಿಟಕಿಯ ಕೆಳಗೆ, ಬಾಗಿಲ ಚೌಕಟ್ಟಿನ ಸುತ್ತ, ಬಹುಮಾನದ ಕಪ್ಪುಗಳಿದ್ದ ಕಪಾಟಿನ ಹಿಂದೆ. ಅಲ್ಲಿ ಕೈ ಹೋಗದಾಗ, ಕಪಾಟು ಸರಿಸಿ ಎಂದಳು. ರುದ್ರೇಶ, ಹಂಚಿನಮನಿ ಇಬ್ಬರೂ ಸೇರಿ ಸರಿಸಿದರು. ಗೋಡೆಯ ಮೇಲೆ, ಧೂಳು ಹಿಡಿದ ಬಿಳಿ ಡಬ್ಬಿಯೊಂದು ಮಿಣಮಿಣ ಕಣ್ಣು ಮಿಟುಕಿಸುತ್ತಿತ್ತು. ಎರಡು ತಿಂಗಳ ಹಿಂದೆ ಹೊಸ ಇಂಟರ್‌ನೆಟ್ ಎಳೆದವರು ಅದನ್ನು ಮೊಳೆಗೆ ತೂಗುಹಾಕಿ ಹೋಗಿದ್ದರು. ಆ ಮೂಢ ಡಬ್ಬಿ ಬಂದ ಹುಡುಗಿಯರನ್ನೆಲ್ಲ ಅಲ್ಲೇ ತಿರುಗಿಸಿ ಕಳಿಸುತ್ತಿತ್ತು. ಬೈಗುಳ ನನ್ನ ಪಾಲಿಗೆ.

ರುದ್ರೇಶ ಥಟ್ಟನೆ ಅದಕ್ಕೆ ಕೈಹಾಕಿದ. ನಸೀಮಾ ಅವನ ತೋಳು ಹಿಡಿದಳು.

“ಮೊದಲ ಒಳಗ ನೀವು ತೆಗೆದಿಟ್ಟ ಬಾಗಲಾ ಎಲ್ಲಾ ಮುಚ್ಚರಿ. ಪುಸ್ತಕದ್ದೊಂದ ಇರಲಿ. ಇಲ್ಲಾಂದ್ರ ಹುಡುಗ್ಯಾರ ಕೂಡ ಕಳ್ಳರೂ ಬರತಾರ.”

ಅವನು ಮುಚ್ಚಿದ. ನಂತರ ಬಿಳಿ ಡಬ್ಬಿಯ ಕೆಳಗೆ ಅಂಟಿಸಿದ್ದ ಚೀಟಿಯ ಪಾಸ್‌ವರ್ಡನ್ನು ಅಕ್ಷರ ಬಿಡಿಸಿ ಅವಳಿಗೆ ಓದಿ ಹೇಳಿದ. ಆ ಐದು ದಿನಗಳಲ್ಲಿ ಅವನ ಕಣ್ಣುಗಳಿಂದಾದ ಉಪಕಾರ ಅಷ್ಟೆ. ಬಂದವರನ್ನೆಲ್ಲ ನೇರ ನನ್ನ ಬಳಿಗೆ ಕಳಿಸುವಂತೆ ಅವಳು ಅದಕ್ಕೆ ಬರೆದು, ರೇಣವ್ವನಿಗೆ ಫೋನು ಮಾಡಿದಳು.

ನನ್ನ ಬಾಗಿಲಿಗೆ ಮೊದಲ ತಟ್ಟು ಬಂತು. ವಿಚಾರಿಸಿದೆ, ಬಿಟ್ಟೆ, ಬರೆದಿಟ್ಟೆ. ಫೋನಿನ ಆ ತುದಿಯಲ್ಲಿ ಗಂಗಾಬಾಯಿಯವರು ವಿಜ್ಞಾನದ ಎರಡನೇ ಪಾಠ ಓದತೊಡಗಿದ್ದರು. ನಸೀಮಾ ಫೋನು ಇಡದೆ, ಪಾಠ ಮುಗಿಯುವವರೆಗೆ ಕೇಳುತ್ತ ಕೂತಳು.

ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ಹುಡುಗಿಯರು ಪಾಸಾದರು. ರೇಣವ್ವ ಪಿಯುಸಿಗೆ ಸೇರಿದಳು. ಶಾಲೆಯ ಸಮಾರಂಭದಲ್ಲಿ ರುದ್ರೇಶನಿಗೆ ಶಾಲು ಹೊದಿಸಿದರು. ಹಳೆಯ ಫೈರ್‌ವಾಲಿನ ತೊಂದರೆಯ ನಡುವೆಯೂ ಹಗಲಿರುಳು ದುಡಿದವರು ಎಂದು ಹಂಚಿನಮನಿಯವರು ಭಾಷಣ ಮಾಡಿದರು. ಅವನು ಕತ್ತು ಬಗ್ಗಿಸಿ ಹೊದಿಸಿಕೊಂಡ. ನಸೀಮಾ ಆಗ ಕಚೇರಿಯಲ್ಲಿ ಫೋನು ಎತ್ತುತ್ತಿದ್ದಳು. ಮುಂದಿನ ತಿಂಗಳು ಹೊಸ ಫೈರ್‌ವಾಲ್ ಬಂತು; ಅದಕ್ಕೆ ಪೂಜೆ ಮಾಡಿ ಕುಂಕುಮ ಹಚ್ಚಿದರು. ಗಾಳಿಯಾಡುವ ರಂಧ್ರಕ್ಕೇ ಹಚ್ಚಿದರು.

ನಾನೀಗ ಉಗ್ರಾಣದಲ್ಲಿದ್ದೇನೆ. ಕಾಲು ಮುರಿದ ಬೆಂಚು, ಲಾಡ್ಜಿನ ಹಾಸಿಗೆಗಳು ಜೊತೆಗಿವೆ. ನನಗೆ ವಿದ್ಯುತ್ತಿಲ್ಲ, ಆದ್ದರಿಂದ ಮನುಷ್ಯರ ಕಾಟವೂ ಇಲ್ಲ. ಅವರ ಬಗ್ಗೆ ಅಭಿಪ್ರಾಯ ಬದಲಿಸುವಂಥದ್ದು ಏನೂ ನಡೆದಿಲ್ಲ. ಕಾಣುವುದೆಲ್ಲ ತಿಳಿದಂತೆ ಎಂದು ನಂಬಿದವರ ಜೊತೆ ಹನ್ನೊಂದು ವರ್ಷ ಕಳೆದದ್ದು ಸಾಕು.

ಗಂಗಾಬಾಯಿಯವರ ಧ್ವನಿ ಮರಳಲಿಲ್ಲ. ಈ ವರ್ಷ ಪಠ್ಯ ಬದಲಾಗಿದೆ. ಹಾಸಿಗೆಗಳು ಸದ್ದು ಹೀರುತ್ತವೆ ಎಂದು ನಸೀಮಾ ಮಧ್ಯಾಹ್ನ ಈ ಉಗ್ರಾಣಕ್ಕೇ ಬಂದು, ಮೈಕ್ ಮುಂದಿಟ್ಟುಕೊಂಡು, ಬೆರಳಿನಿಂದ ಬ್ರೈಲ್ ಸವರುತ್ತ ಹೊಸ ಪುಸ್ತಕ ಓದುತ್ತಾಳೆ. ಬ್ರೈಲ್ ಹಾಳೆ ದಪ್ಪ. ಬಿಡಿಸಿಟ್ಟರೆ ತಾನೇ ಮಡಚಿಕೊಳ್ಳುತ್ತದೆ. ಮೊದಲ ದಿನ ಅವಳು ಭಾರಕ್ಕೆಂದು ಸುತ್ತ ತಡಕಾಡಿದಳು. ಕೈಗೆ ನಾನು ಸಿಕ್ಕೆ. ಒಮ್ಮೆ ಬೆನ್ನು ಸವರಿ, ಯಾರೆಂದು ತಿಳಿದು, ಪುಟದ ತುದಿಯ ಮೇಲೆ ಮೆಲ್ಲಗೆ ಇಟ್ಟಳು. ಮೈಕ್ ಒತ್ತಿ, ಒಂದನೇ ಪಾಠ ಎಂದಳು.