ಹುಳದ ಕೋಣೆಯ ಚಿಲಕ

ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳ ಸಾಕುವ ಕೋಣೆಗೆ ಹೊರಗಿನವರು ಕಾಲಿಡುವಂತಿಲ್ಲ. ಕಣ್ಣು ತಾಗುತ್ತದೆ, ಹುಳಕ್ಕೆ ರೋಗ ಬರುತ್ತದೆ. ಓಬಳಮ್ಮನಂತೂ ಪುರಸಭೆ ಮೆಂಬರಾದ ಮಗ ಮುನಿವೆಂಕಟಪ್ಪನನ್ನೇ ಕಾಲು ತೊಳೆಯದೆ ಒಳಗೆ ಬಿಡುವವಳಲ್ಲ.

ಆ ವಾರ ಮಗ ಮನೆಯಲ್ಲಿ ನಿಂತದ್ದೇ ಕಮ್ಮಿ. ಸೋಮವಾರ ಚರಂಡಿ ತೋಡಿಸಿದ. ಮಂಗಳವಾರ ಬಾವಿಗೆ ಬಿಳಿ ಪುಡಿ ಹಾಕಿಸಿ, ನೀರು ನಾರುತ್ತೆ ಅಂತ ಬೀದಿಯವರಿಂದ ಬೈಸಿಕೊಂಡ. ಬುಧವಾರ ಊಟಕ್ಕೆ ಬಂದವನು ಹೆಂಡತಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಓಬಳಮ್ಮನಿಗೆ ಅನುಮಾನ ಹತ್ತಿತು.

"ಏನೋ ಅದು ಗುಸುಗುಸು? ದಾಕು ಹಾಕೋನನ್ನ ಮತ್ತೆ ಕರ್ಕೊಂಡು ಬರ್ತೀಯಾ?"

"ಹೌದಮ್ಮ. ಸಿಡುಬು ಆಚೆ ಬೀದಿಗೆ ಬಂದೈತೆ. ನಾಳೆ ಬಯ್ಯಪ್ಪ ಬರ್ತಾನೆ, ಸಿಡುಬು ಬರದಂಗೆ ನಮ್ಮ ಮಂಗಿಗೆ ದಾಕು ಹಾಕಿಸಣ."

"ನಿನ್ನ ಓಟಿಗೆ ನನ್ನ ಮೊಮ್ಮಗಳ ಕೈ ಗೀರಿಸ್ತೀಯೇನೋ? ಮನೆಗೆ ಮಾರಿ, ಊರಿಗೆ ಉಪಕಾರಿ!"

ಹೋದ ತಿಂಗಳೂ ಬಯ್ಯಪ್ಪ ಬಂದಿದ್ದ. ಆಗ ಓಬಳಮ್ಮ ಮಗುವನ್ನು ಎತ್ತಿಕೊಂಡು ಹುಳದ ಕೋಣೆ ಹೊಕ್ಕು ಚಿಲಕ ಹಾಕಿಕೊಂಡಿದ್ದಳು. ಗುರುವಾರ ಬೆಳಿಗ್ಗೆಯೂ ಹಾಗೇ ಮಾಡಿದಳು.

ಬಯ್ಯಪ್ಪ ಬಾಗಿಲ ಹೊರಗೇ ಕೂತ. "ನಾನು ಒಳಗೆ ಬರಲ್ಲ ಕಣವ್ವ."

"ಬಂದ್ರೆ ಕಾಲು ಮುರೀತೀನಿ! ದಾಕು ಹಾಕಿದ್ರೆ ಮಗುಗೆ ಜ್ವರ ಬರುತ್ತಂತೆ. ಅಮ್ಮನೋರು ಮುನಿದ್ರೆ ನೀನು ಹೊಣೆ ಆಗ್ತೀಯಾ?"

"ಒಂದೆರಡು ದಿನ ಮೈ ಬಿಸಿಯಾಗುತ್ತೆ, ಹಾಕಿದ ಕಡೆ ಒಂದು ಗುಳ್ಳೆ ಏಳುತ್ತೆ, ನಿಜ. ಸಿಡುಬು ಬಂದ್ರೆ ಮೈಯೆಲ್ಲಾ ಏಳುತ್ತೆ. ಅಲ್ಲಾ ಅವ್ವ, ತಟ್ಟೇಲಿ ರೋಗದ ಹುಳ ಕಂಡ್ರೆ ಏನು ಮಾಡ್ತೀರಾ?"

"ಆರಿಸಿ ದೂರ ಹೂತಾಕ್ತೀನಿ. ಇಲ್ಲಾಂದ್ರೆ ತಟ್ಟೆಯೆಲ್ಲಾ ಹೋಗುತ್ತೆ."

"ಮಗುನ ಹಂಗೆ ಆರಿಸಿ ಹಾಕೋಕಾಗುತ್ತಾ? ಅದಕ್ಕೇ ರೋಗ ಬರೋಕೆ ಮುಂಚೆ ದಾಕು."

ಮಾತು ಸರಿ ಅನ್ನಿಸಿತು. ಆದರೆ ಹಟ ಬಿಡಬೇಕಲ್ಲ! ಅವಳು ಚಿಲಕ ತೆಗೆಯಲಿಲ್ಲ. ಬಯ್ಯಪ್ಪ ಎದ್ದು ಹೋದ.

ಶುಕ್ರವಾರ ಎದ್ದು ನೋಡಿದರೆ ಪಕ್ಕದ ಅಕ್ಕಯ್ಯಮ್ಮನ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಸಿಡುಬು ಹೊಕ್ಕ ಮನೆಯ ಗುರುತು ಅದು. ಓಬಳಮ್ಮ ಅತ್ತ ಓಡಿದಳು.

"ಹತ್ರ ಬರಬೇಡ ದೊಡ್ಡಮ್ಮ," ಒಳಗಿನಿಂದ ಅಕ್ಕಯ್ಯಮ್ಮನ ದನಿ. "ನಮ್ಮ ಹುಡುಗಂಗೆ ಎದ್ದೈತೆ."

"ಹೋದ ತಿಂಗಳು ಹಾಕಿಸಲಿಲ್ವೇನೇ?"

"ನೀನು ಮಂಗೀನ ಬಚ್ಚಿಟ್ಟಿದ್ದು ಕಂಡೆ. ಮೆಂಬರ ಮನೇಲೇ ಬೇಡ ಅಂದ್ರೆ ಒಳಗೆ ಏನೋ ಐತೆ ಅನ್ಕೊಂಡೆ. ನಾನೂ ಅಟ್ಟದ ಮೇಲೆ ಬಚ್ಚಿಟ್ಟೆ."

ಅಕ್ಕಯ್ಯಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಓಬಳಮ್ಮ ಅಲ್ಲಿ ನಿಲ್ಲಲಿಲ್ಲ. ಮನೆಗೆ ಓಡಿ, ಮಂಗಿಯನ್ನು ಸೊಂಟಕ್ಕೇರಿಸಿ, ಹುಳಕ್ಕೆ ಸೊಪ್ಪು ಹಾಕುವುದನ್ನೂ ಮರೆತು ಬಯ್ಯಪ್ಪನನ್ನು ಹುಡುಕಿಕೊಂಡು ಹೋದಳು.

"ಕಾಲ ಮೀರಿಹೋಯ್ತೇನಪ್ಪಾ?"

"ಇನ್ನೂ ಇಲ್ಲ, ಕೂತ್ಕೋ ಅವ್ವ."

ನಡುಬೀದಿಯಲ್ಲಿ ಕೂತು, ಎಲ್ಲರ ಕಣ್ಣೆದುರಿಗೆ ಮೊಮ್ಮಗಳಿಗೆ ದಾಕು ಹಾಕಿಸಿದಳು. ಆಮೇಲೆ ತನ್ನ ತೋಳನ್ನೂ ಚಾಚಿದಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಮಕ್ಕಳನ್ನು ಕರೆತಂದರು.

ಮಂಗಿಗೆ ಸಿಡುಬು ಬರಲಿಲ್ಲ. ಅಕ್ಕಯ್ಯಮ್ಮನ ಹುಡುಗ ಬದುಕಿದ, ಒಂದು ಕಣ್ಣು ಹೋಯಿತು. ಅವನು "ಅಜ್ಜೀ" ಅಂತ ಬಂದರೆ ಓಬಳಮ್ಮ ಇವತ್ತಿಗೂ ತಲೆ ತಗ್ಗಿಸುತ್ತಾಳೆ.

ತಾಯಂದಿರೇ, ಅಪ್ಪಂದಿರೇ, ಅನುಮಾನ ಬಂದರೆ ಕೇಳಿ. ಜಗಳವಾಡಿಯಾದರೂ ಕೇಳಿ. ಮಗುವನ್ನು ಮಾತ್ರ ಬಚ್ಚಿಡಬೇಡಿ. ದಾಕು ಹಾಕುವವರು ಬೀದಿಗೆ ಬಂದಾಗ ಮೊದಲು ನೀವೇ ಹೊರಗೆ ಬನ್ನಿ. ಪಕ್ಕದ ಮನೆಯವಳು ನಿಮ್ಮನ್ನೇ ನೋಡುತ್ತಿರುತ್ತಾಳೆ.