ತಕರಾರಿನ ಪಾಠ

“ಅಮ್ಮ, ಹಾಗೆ ತುರುಕಬೇಡ, ಅಪ್ಪನ ಕೈ ನೋಯುತ್ತೆ,” ಎಂದ ಮಗಳು ತಾನೇ ನಾಲಿಗೆ ಕಚ್ಚಿಕೊಂಡಳು.

ಅಮ್ಮ ಕೇಳಿಸಿಕೊಳ್ಳಲಿಲ್ಲ. ಶವಪೆಟ್ಟಿಗೆಯೊಳಗೆ ಗಂಡನ ಮೊಣಕೈಗೂ ಹಲಗೆಗೂ ನಡುವೆ ಆ ದಪ್ಪ ಹೀಬ್ರೂ ಪುಸ್ತಕವನ್ನು ನೂಕುತ್ತಲೇ ಇದ್ದಳು. ಬೆನ್ನು ಕಿತ್ತುಹೋಗಿ, ಮೂಲೆಗಳೆಲ್ಲ ಮುದುರಿದ ಪುಸ್ತಕ.

“ಅತ್ತಿಗೆ, ಅಣ್ಣನಿಗೆ ಅಲ್ಲೂ ಪರೀಕ್ಷೆ ಇದೆಯಾ?” ಎಂದ ಮೈದುನ. ಅತ್ತು ಕೆಂಪಾದ ಕಣ್ಣಲ್ಲೇ ನಗುತ್ತಿದ್ದ.

“ಅವರೇ ಹೇಳ್ತಿದ್ರಲ್ಲಪ್ಪ. ಯೆಹೂದಿಗಳು ಹಳೇ ಪುಸ್ತಕ ಎಸೆಯಲ್ವಂತೆ, ಮನುಷ್ಯರ ಹಾಗೆ ಮಣ್ಣು ಮಾಡ್ತಾರಂತೆ. ಈ ಸವತೀನ ಅವರೇ ಕರ್ಕೊಂಡು ಹೋಗ್ಲಿ. ಇನ್ನು ನನಗ್ಯಾಕೆ ಇದು?”

ಅಷ್ಟರಲ್ಲಿ ವಿಶ್ವವಿದ್ಯಾಲಯದ ಹೀಬ್ರೂ ಮೇಡಂ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು.

“ಲಿಫ್ಟ್ ಕೆಟ್ಟಿದೆ,” ಎಂದರು, ಕ್ಷಮೆ ಕೇಳುವವರ ಹಾಗೆ.

“ಲಿಫ್ಟ್ ಮೇಸ್ತ್ರಿ ಹೋದ ದಿನ ಅದಕ್ಕೂ ರಜಾ ಮೇಡಂ,” ಎಂದ ಮೈದುನ, ಕುರ್ಚಿ ಎಳೆದು ಹಾಕಿದ.

*

ಸತ್ತವನು ಬದುಕೆಲ್ಲ ಲಿಫ್ಟ್ ರಿಪೇರಿ ಮಾಡಿದವನು. ನಿವೃತ್ತಿಗೆ ಸ್ವಲ್ಪ ಮುಂಚೆ ವಿಶ್ವವಿದ್ಯಾಲಯದ ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ಒಳಗೆ ಮೇಡಂ ಮತ್ತು ಅವರ ವಿದ್ಯಾರ್ಥಿಗಳು. ಮಕ್ಕಳು ಗಾಬರಿಯಾಗದಿರಲಿ ಎಂದು ಮೇಡಂ ಅಲ್ಲೇ ಪಾಠ ಶುರು ಮಾಡಿದ್ದರು. ಹಳೆಯ ಕೈರೋದ ಯೆಹೂದಿಗಳು ಹರಿದ ಬರಹಗಳನ್ನು ಹೂಳದೆ ಪ್ರಾರ್ಥನಾಲಯದ ಒಂದು ಕೋಣೆಗೆ ತುಂಬುತ್ತಾ ಹೋದರಂತೆ. ಶತಮಾನಗಳು ಕಳೆದ ಮೇಲೆ ತೆಗೆದು ನೋಡಿದರೆ ಅದರಲ್ಲಿ ವ್ಯಾಪಾರಿಗಳ ಕಾಗದ, ಮದುವೆಯ ಕರಾರು, ಮಕ್ಕಳು ಅಕ್ಷರ ತಿದ್ದಿದ ಹಾಳೆ!

ಲಿಫ್ಟಿನ ತಲೆಯ ಮೇಲೆ ಕೂತಿದ್ದ ಮೇಸ್ತ್ರಿಯ ಕೆಲಸ ಆಗಲೇ ಮುಗಿದಿತ್ತು. ಕಥೆ ಮುಗಿದಿರಲಿಲ್ಲ. ಅವನು ಗುಂಡಿ ಒತ್ತದೆ ಸುಮ್ಮನೆ ಕೂತ. ಕೆಳಗೆ ಮಾತು ನಿಂತಾಗ ಗಾಳಿಕಿಂಡಿಗೆ ಬಾಯಿಟ್ಟು, “ಆಮೇಲೆ ಮೇಡಂ?” ಎಂದ. ಒಳಗಿದ್ದವರು ಬೆಚ್ಚಿಬಿದ್ದರು.

ನಿವೃತ್ತಿಯಾದ ವರ್ಷವೇ ಹೋಗಿ ಮೇಡಂ ತರಗತಿಗೆ ಸೇರಿಕೊಂಡ. ಯೆಹೂದಿಗಳ ಹಳೆಯ ಗ್ರಂಥಗಳನ್ನು ಇಬ್ಬರು ಕೂತು ಓದುವುದು ವಾಡಿಕೆ, ಒಬ್ಬರು ಓದಿದ್ದಕ್ಕೆ ಇನ್ನೊಬ್ಬರು ತಕರಾರು ತೆಗೆಯಬೇಕು ಎಂದು ಮೇಡಂ ಹೇಳಿದಾಗ, ಹುಡುಗ ಹುಡುಗಿಯರೆಲ್ಲ ಜೋಡಿ ಹುಡುಕಿಕೊಂಡರು. ಮುದುಕ ಒಬ್ಬನೇ ಉಳಿದ.

“ಚಿಂತೆ ಇಲ್ಲ ಮೇಡಂ,” ಎಂದ. “ತಕರಾರಿಗೆ ಅಂತಾನೇ ಹುಟ್ಟಿದವಳು ನಮ್ಮ ಮನೇಲಿದ್ದಾಳೆ.”

ಅಂದಿನಿಂದ ದಿನಾ ಸಂಜೆ ಅವನು ಗಟ್ಟಿಯಾಗಿ ಓದಿ ಅರ್ಥ ಹೇಳುವುದು, ಅವಳು ಬಟ್ಟೆಗೆ ಇಸ್ತ್ರಿ ಹಾಕುತ್ತಾ, “ಹಾಗಿರೋಕಾಗಲ್ಲ,” ಎನ್ನುವುದು.

“ರಾಜ ಯೆಹೂದಿಗಳನ್ನೆಲ್ಲ ದೇಶ ಬಿಟ್ಟು ಓಡಿಸಿದ ಕಣೆ.”

“ಹಾಗಿರೋಕಾಗಲ್ಲ. ಅವರಲ್ಲಿ ದರ್ಜಿಗಳಿರ್ಲಿಲ್ವಾ, ವೈದ್ಯರಿರ್ಲಿಲ್ವಾ? ಅವರು ಹೋದ್ರೆ ಇವನ ಅಂಗಿ ಹೊಲಿಯೋರ್ಯಾರು?”

ಅವನು ಆ ಪ್ರಶ್ನೆಯನ್ನು ಜೋಪಾನವಾಗಿ ತರಗತಿಗೆ ಹೊತ್ತುಕೊಂಡು ಹೋಗುತ್ತಿದ್ದ. ಅವಳು ಮಾತ್ರ ಒಂದು ಸಲವೂ ಪುಸ್ತಕ ಮುಟ್ಟಿರಲಿಲ್ಲ.

ಕೊನೆಯ ಸಂಜೆ ಅವನು ತೋರಿಸಿದ್ದು ಒಂದು ಚಿತ್ರ: ಕೈರೋದ ಆ ಕೋಣೆಯಲ್ಲಿ ಸಿಕ್ಕ, ಯಾವುದೋ ಮಗು ಅಕ್ಷರ ತಿದ್ದಿದ ಹಾಳೆ.

“ಈ ಮಗು ಆಮೇಲೆ ಓದೋಕೆ ಕಲೀತಾ?”

“ಗೊತ್ತಿಲ್ವೇ. ನಾಳೆ ಮೇಡಂನ ಕೇಳಿ ಬರ್ತೀನಿ.”

ಬೆಳಿಗ್ಗೆ ಅವನು ಏಳಲಿಲ್ಲ.

*

“ಮೇಡಂ, ಆ ಮಗು ಓದೋಕೆ ಕಲೀತಾ?” ಎಂದಳು ಅವಳು. ಬಂದವರಿಗೆ ಕೈ ಮುಗಿಯುವುದನ್ನೂ ಮರೆತಿದ್ದಳು.

ಯಾವ ಮಗು ಎಂದು ಮೇಡಂಗೆ ತಕ್ಷಣ ಹೊಳೆಯಿತು. “ಗೊತ್ತಿಲ್ಲಮ್ಮ. ಯಾರಿಗೂ ಗೊತ್ತಿಲ್ಲ.”

“ಯಾರಿಗೂ ಗೊತ್ತಿಲ್ವಾ? ಹಾಗಿರೋಕಾಗಲ್ಲ!”

ಸಾವಿನ ಮನೆಯೆಂಬುದನ್ನು ಮರೆತು ಮೇಡಂ ನಕ್ಕೇಬಿಟ್ಟರು. “ನಿಮ್ಮವರ ಅಂಕಗಳು ಅಷ್ಟಕ್ಕಷ್ಟೇ ಅಮ್ಮ. ಆದ್ರೆ ಅವರು ತರೋ ತಕರಾರಿಗೆ ಇಡೀ ತರಗತಿ ಕಾಯ್ತಿತ್ತು. ನನ್ನದಲ್ಲ, ಮನೆಯವಳದ್ದು ಅಂತ ಪ್ರತಿ ಸಲಾನೂ ಹೇಳೋರು.”

ಅವಳು ಗಂಡನ ಮುಖ ನೋಡಿದಳು. ಈ ಮಾತನ್ನು ಅವನು ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಕಳ್ಳ.

ಮೇಡಂ ಬಗ್ಗಿ ಪೆಟ್ಟಿಗೆಯಲ್ಲಿದ್ದ ಪುಸ್ತಕ ನೋಡಿದರು. “ಓದೋಕೆ ಬರದಷ್ಟು ಹಾಳಾಗಿದ್ರೆ ಮಾತ್ರ ಹೂಳೋದು. ಇದಿನ್ನೂ ಚೆನ್ನಾಗಿದೆ.”

“ಓದೋರೇ ಹೋದ್ರಲ್ಲ ಮೇಡಂ.”

ಕೆಳಗಿನಿಂದ ಪೆಟ್ಟಿಗೆ ಹೊರುವವರ ಹೆಜ್ಜೆ ಸದ್ದು ಕೇಳಿಸಿತು. ಅವಳು ತಟ್ಟನೆ ಪುಸ್ತಕ ಹಿಡಿದು ಎಳೆದಳು. ತುರುಕಿದ್ದು ಬಿಗಿಯಾಗಿತ್ತು, ಬರಲಿಲ್ಲ.

“ಅಣ್ಣ, ಸ್ವಲ್ಪ ಕೈ ಎತ್ತೋ,” ಎಂದು ಮೈದುನ ಮೆಲ್ಲಗೆ ಮೊಣಕೈ ಎತ್ತಿ ಹಿಡಿದ.

ಮಣ್ಣು ಹಾಕುವಾಗಲೂ ಪುಸ್ತಕ ಅವಳ ಕಂಕುಳಲ್ಲೇ ಇತ್ತು. ಸಂಜೆ ನೆಂಟರೆಲ್ಲ ಹೋದ ಮೇಲೆ ಅವಳು ಗಂಡನ ಕುರ್ಚಿಯನ್ನು ಇನ್ನೂ ಉಳಿದಿದ್ದ ಮೇಡಂ ಕಡೆ ಸರಿಸಿದಳು. ಅವನು ತೆರೆಯುತ್ತಿದ್ದ ಹಾಗೆಯೇ ಪುಸ್ತಕವನ್ನು ಬಲಗಡೆಯಿಂದ ತೆರೆದು ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು.

“ಇದು ಅಲೆಫ್,” ಎಂದರು ಮೇಡಂ.

“ಹಾಗಿರೋಕಾಗಲ್ಲ,” ಎಂದಳು ಅವಳು. ಬೆರಳು ಮಾತ್ರ ತೆಗೆಯಲಿಲ್ಲ.